ಮೊದಲು ಹಕ್ಕುಪತ್ರ, ಆಮೇಲೆ ಮೈಕು
ಸ್ವತಂತ್ರ ಧ್ವನಿಮುದ್ರಣ ಸಂಸ್ಥೆಗೆ ಈಗ ಕ್ಯಾಸೆಟ್ಟುಗಳನ್ನು ಅಂಗಡಿಗಳಿಗೆ ಹಂಚುವ ಖರ್ಚಿಲ್ಲ. ಶಿವಮೊಗ್ಗದ ದುರ್ಗಿಗುಡಿಯ ಒಂದು ಕೋಣೆ ಸಾಕು. ನಿಜವಾದ ಬಂಡವಾಳ ಹಕ್ಕುಪತ್ರ. ಭಾವಗೀತೆ ಆರಿಸುವವರು ಎಡವುವುದು ಇಲ್ಲೇ. ಕವಿ ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಕುವೆಂಪು ನಿಧನರಾದದ್ದು 1994ರಲ್ಲಿ. ಅವರ ಕವಿತೆಗೆ 2054ರ ಕೊನೆಯವರೆಗೆ ಒಪ್ಪಿಗೆ ಬೇಕು. ಶಿಕಾರಿಪುರ ಸೀಮೆಯ ಜಿ.ಎಸ್. ಶಿವರುದ್ರಪ್ಪನವರ ಕವಿತೆಗಳಿಗೆ 2073ರವರೆಗೆ. ಶಿಶುನಾಳ ಶರೀಫರ ತತ್ವಪದ ಮುಕ್ತ; ಹಳೆಯ ಕ್ಯಾಸೆಟ್ಟಿನಲ್ಲಿ ಕೇಳಿದ ರಾಗಸಂಯೋಜನೆ ಮಾತ್ರ ಬಹುತೇಕ ಇನ್ನೊಬ್ಬರ ಸ್ವತ್ತು.

ಗಾಯಕರು, ವಾದ್ಯದವರ ಜೊತೆ ಲಿಖಿತ ಒಪ್ಪಂದವಿರಬೇಕು (ಗೆಳೆಯರಾಗಿದ್ದರಂತೂ ಖಂಡಿತ). ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಂತೆ ಗೀತರಚನಕಾರ, ಸಂಯೋಜಕರ ರಾಯಧನದ ಪಾಲನ್ನು ಸಂಸ್ಥೆ ಬರೆಸಿಕೊಳ್ಳುವಂತಿಲ್ಲ. ಪ್ರತಿ ಮುದ್ರಣಕ್ಕೂ ಅದನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಪಡೆದು, ವಿತರಕರ ಮೂಲಕ ಸ್ಪಾಟಿಫೈ, ಜಿಯೋಸಾವನ್‌ಗಳಿಗೆ ಕಳಿಸಬೇಕು. ಹಣ ಬರುವುದು ನಿಧಾನ, ಅದೂ ಚಿಲ್ಲರೆ ಚಿಲ್ಲರೆಯಾಗಿ.