ಕೊಟ್ಟೂರು ಕಡೆಯ ಫೀಡರುಗಳು ಕಲಿಸಿದ್ದು

1. ಮೊದಲು ಲೆಕ್ಕ, ಆಮೇಲೆ ಯಂತ್ರ. 100 ಕೆವಿಎ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಪೂರ್ತಿ ಲೋಡಿಗೆ ಎಲ್‌ಟಿ ಕಡೆ ಹರಿಯುವುದು ಸುಮಾರು 133 ಆಂಪಿಯರ್. ಇಂಪೀಡೆನ್ಸ್ ಶೇ 4.5 ಇದ್ದರೆ, ಬುಶಿಂಗ್ ಬುಡದಲ್ಲೇ ಶಾರ್ಟ್ ಆದಾಗ ಅದೇ 3,000ದ ಹತ್ತಿರ ಹೋಗುತ್ತದೆ. ಕರೆಂಟು 22 ಪಟ್ಟು ಏರಿದರೆ ಒಳಗಿನ ಸುರುಳಿಗಳನ್ನು ಹಿಸುಕುವ ಬಲ ಸುಮಾರು 500 ಪಟ್ಟು ಏರುತ್ತದೆ. ಫ್ಯೂಸ್ ಇರಬೇಕಾದಲ್ಲಿ ದಪ್ಪ ಅಲ್ಯೂಮಿನಿಯಂ ಎಳೆ ಸುತ್ತುವವರಿಗೆ ಇದನ್ನು ಎಷ್ಟು ಹೇಳಿದರೂ ಸಾಲದು.

2. ಇಂಥ ಫಾಲ್ಟ್ ಕರೆಂಟನ್ನು ತಗ್ಗಿಸುವ ಸೂಪರ್‌ಕಂಡಕ್ಟರ್ ಲಿಮಿಟರಿಗೆ ರಿಲೇ ಬೇಡ, ಆಜ್ಞೆ ಬೇಡ. ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಮುಳುಗಿದ ಪಟ್ಟಿಗೆ ರೋಧವೇ ಇರುವುದಿಲ್ಲ. ಕರೆಂಟು ಮಿತಿ ದಾಟಿದ ಕೆಲವೇ ಮಿಲಿಸೆಕೆಂಡಿನಲ್ಲಿ ರೋಧ ತಾನಾಗಿ ಹುಟ್ಟಿ, ಮೊದಲ ಏಟನ್ನೇ ತಗ್ಗಿಸುತ್ತದೆ. ಅಷ್ಟರಲ್ಲಿ ಬ್ರೇಕರ್ ಇನ್ನೂ ಬಾಯಿ ತೆರೆದಿರುವುದಿಲ್ಲ. ರಿಯಾಕ್ಟರ್ ಹಾಕಿದರೂ ಕರೆಂಟು ತಗ್ಗುತ್ತದೆ, ಆದರೆ ಅದು ದಿನವಿಡೀ ವೋಲ್ಟೇಜನ್ನೂ ತಿನ್ನುತ್ತದೆ.

3. ಲಿಮಿಟರಿನ ಜಾಗ ಸ್ಟೇಷನ್ನಿನ ಎರಡು ಬಸ್ಸುಗಳನ್ನು ಜೋಡಿಸುವ ಬಸ್ ಕಪ್ಲರ್. ಶೇ 10 ಇಂಪೀಡೆನ್ಸಿನ 10 ಎಂವಿಎ ಟ್ರಾನ್ಸ್‌ಫಾರ್ಮರ್ ಒಂದೇ ಇದ್ದರೆ 11 ಕೆವಿ ಬಸ್ಸಿನಲ್ಲಿ ಫಾಲ್ಟ್ ಕರೆಂಟು 5 ಕಿಲೋ ಆಂಪಿಯರಿಗೆ ತುಸು ಮೇಲೆ. ಎರಡನ್ನು ಜೋಡಿಸಿದರೆ ಹತ್ತು ದಾಟುತ್ತದೆ. ಹಳೇ ಬ್ರೇಕರ್ ತಡೆಯುವುದಿಲ್ಲವೆಂದು ಕಪ್ಲರ್ ತೆರೆದಿಟ್ಟರೆ, ಒಂದು ಟ್ರಾನ್ಸ್‌ಫಾರ್ಮರ್ ಕೈಕೊಟ್ಟಾಗ ಅರ್ಧ ಊರು ಕತ್ತಲು. ನಡುವೆ ಲಿಮಿಟರ್ ಇದ್ದರೆ ಕಪ್ಲರನ್ನು ಮುಚ್ಚಿಯೇ ಇಡಬಹುದು. ಜರ್ಮನಿಯ ಎಸೆನ್ ನಗರದಲ್ಲಿ 2014ರಲ್ಲಿ ಒಂದು ಕಿಲೋಮೀಟರ್ ಉದ್ದದ 10 ಕೆವಿ ಸೂಪರ್‌ಕಂಡಕ್ಟಿಂಗ್ ಕೇಬಲ್ಲಿನ ಜೊತೆಗೇ ಇಂಥದ್ದೊಂದನ್ನು ಕೂರಿಸಿದರು. ಇಕ್ಕಟ್ಟಾದ ನಗರಕ್ಕೆ ಅದು ಸರಿ.

4. ನಮ್ಮ ಹಳ್ಳಿಯ ಲೈನಿನ ರೋಗವೇ ಬೇರೆ. ಕೊಟ್ಟೂರು, ಕೂಡ್ಲಿಗಿ ಕಡೆಯ ಉದ್ದದ ಐಪಿ (ನೀರಾವರಿ ಪಂಪ್‌ಸೆಟ್) ಫೀಡರಿನಲ್ಲಿ ರ್‍ಯಾಬಿಟ್ ತಂತಿ ಹದಿನೈದು ಕಿಲೋಮೀಟರ್ ಓಡಿದರೆ, ಬಾಲದಲ್ಲಿ ನೇರ ಶಾರ್ಟ್ ಆದರೂ ಹರಿಯುವುದು 600 ಆಂಪಿಯರಿನ ಆಸುಪಾಸು. ತಂತಿಯೇ ಲಿಮಿಟರ್! ಇನ್ನು ತಂತಿ ಹರಿದು ಒಣ ಮಸಾರಿ ನೆಲಕ್ಕೆ ಬಿದ್ದರೆ ಕೆಲವೇ ಆಂಪಿಯರ್. ರಿಲೇಗೆ ಅದೂ ಒಂದು ಪಂಪ್‌ಸೆಟ್ಟಿನ ಲೋಡಿನಂತೆ. ಮೆಕ್ಕೆಜೋಳ ಕೊಯ್ದ ಹೊಲವೊಂದರಲ್ಲಿ ಬಿದ್ದ ತಂತಿಯ ತುದಿಗೆ ಮಣ್ಣು ಕರಗಿ, ಕಪ್ಪು ಗಾಜಿನ ಗಂಟಾಗಿ ಅಂಟಿಕೊಂಡಿದ್ದನ್ನು ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡ ಮೇಲೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ಮಣ್ಣು ಕರಗುವಷ್ಟು ಹೊತ್ತೂ ಫೀಡರ್ ಟ್ರಿಪ್ ಆಗಿರಲಿಲ್ಲ. ಅಲ್ಲಿ ಎಷ್ಟು ದುಬಾರಿ ಲಿಮಿಟರ್ ಇದ್ದರೂ ಅದು ಎಚ್ಚರವಾಗುತ್ತಿರಲಿಲ್ಲ.

5. ಹಾಗಾಗಿ ದುಡ್ಡು ಬಂದರೆ ಮೊದಲು ಸೂಕ್ಷ್ಮ ಅರ್ಥ್‌ಫಾಲ್ಟ್ ರಿಲೇ, ಜೋತುಬಿದ್ದ ಸ್ಪ್ಯಾನ್‌ಗಳ ನಡುವೆ ಕಂಬ, ದಾರಿ ದಾಟುವಲ್ಲಿ ಗಾರ್ಡಿಂಗ್. ಬೇಸಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು, ಇದಕ್ಕೆ ಟೆಂಡರೂ ಬೇಕಿಲ್ಲ.

6. ಲಿಮಿಟರನ್ನು ತಣ್ಣಗಿಡುವ ಕ್ರಯೋಕೂಲರಿಗೂ ಕರೆಂಟು ಬೇಕು, ರಿಪೇರಿಗೆ ಬಲ್ಲವರು ಬೇಕು. ಮಾರುವವರ ಕೈಪಿಡಿಯಲ್ಲಿ ಈ ಖರ್ಚು ಕೊನೇ ಪುಟದಲ್ಲಿರುತ್ತದೆ.

7. ರೈತರಿಗೆ ಒಂದು ಮಾತು: ಬಿದ್ದ ತಂತಿ ಕಿಡಿ ಹಾರಿಸದಿದ್ದರೂ ಅದರಲ್ಲಿ ಕರೆಂಟು ಇರಬಹುದು. ಕೋಲಿನಿಂದಲೂ ಮುಟ್ಟಬೇಡಿ, ದನಕರುಗಳನ್ನು ಆ ಕಡೆ ಬಿಡಬೇಡಿ. ದೂರ ನಿಂತು 1912ಕ್ಕೆ ಫೋನ್ ಮಾಡಿ.