ಮುಂಬಯಿಯ ವ್ಯಾನಿಟಿ ವ್ಯಾನ್ ಮತ್ತು ಡಿಸಿ ಡಿಸೈನ್ ಸಂಸ್ಥೆ

ಮಲಗುವ, ಅಡುಗೆ ಮಾಡುವ, ಸ್ನಾನ–ಶೌಚದ ಅನುಕೂಲವಿರುವ ವಾಹನವೇ ಕ್ಯಾರವಾನ್. ಭಾರತದಲ್ಲಿ ಈ ಬಗೆಯ ವಾಹನಕ್ಕೆ ಮೊದಲು ಬೇಡಿಕೆ ತಂದ ಕ್ಷೇತ್ರಗಳಲ್ಲಿ ಮುಂಬಯಿಯ ಸಿನಿಮಾ ರಂಗ ಪ್ರಮುಖವಾದುದು.

1929ರಲ್ಲಿ ನಿರ್ದೇಶಕ ಚಂದೂಲಾಲ್ ಶಾ ಮತ್ತು ನಟಿ ಗೋಹರ್ ಸ್ಥಾಪಿಸಿದ ರಂಜಿತ್ ಸ್ಟುಡಿಯೊ ಸೇರಿದಂತೆ ಹಲವು ಸ್ಟುಡಿಯೊಗಳು ಮುಂಬಯಿಯ ದಾದರ್‌ನಲ್ಲಿದ್ದವು. ಸ್ಟುಡಿಯೊದಲ್ಲಿ ಮೇಕಪ್ ಕೋಣೆ ಇರುತ್ತಿತ್ತು. ಹೊರಾಂಗಣ ಚಿತ್ರೀಕರಣದಲ್ಲಿ ನಟಿಯರಿಗೆ ಬಟ್ಟೆ ಬದಲಿಸಲೂ ಮರೆ ಸಿಗುತ್ತಿರಲಿಲ್ಲ. ಹೀಗಾಗಿ ಮೇಕಪ್ ಕೋಣೆಯಂತೆ ಬಳಸುವ ಕ್ಯಾರವಾನ್, ಅಂದರೆ ವ್ಯಾನಿಟಿ ವ್ಯಾನ್, ಐಷಾರಾಮವಾಗುವ ಮೊದಲು ಅಗತ್ಯವೇ ಆಗಿತ್ತು. 1990ರ ದಶಕದಲ್ಲಿ ಇದನ್ನು ಬಳಕೆಗೆ ತಂದ ಶ್ರೇಯ ನಟಿ ಪೂನಂ ಧಿಲ್ಲೋನ್ ಅವರಿಗೆ ಸಲ್ಲುತ್ತದೆ.

1993ರಲ್ಲಿ ದಿಲೀಪ್ ಛಾಬ್ರಿಯಾ ಮುಂಬಯಿಯಲ್ಲಿ ಡಿಸಿ ಡಿಸೈನ್ ಆರಂಭಿಸಿದರು. ಅಮೆರಿಕದ ಆರ್ಟ್ ಸೆಂಟರ್‌ನಲ್ಲಿ ವಿನ್ಯಾಸ ಕಲಿತ ಅವರು ಜನರಲ್ ಮೋಟರ್ಸ್‌ನಲ್ಲಿ ದುಡಿದಿದ್ದರು. ಕಾರುಗಳ ಮಾರ್ಪಾಡಿನಿಂದ ಹೆಸರಾದ ಸಂಸ್ಥೆ ವ್ಯಾನಿಟಿ ವ್ಯಾನ್‌ಗಳತ್ತಲೂ ಹೊರಳಿತು. ಬಸ್ಸಿನ ಒಳಭಾಗದಲ್ಲಿ ಬಲ್ಬು ಸಾಲಿನ ಕನ್ನಡಿ, ಸೋಫಾ, ಶೌಚಾಲಯ, ಎಸಿ ಕೂರಿಸುವುದು ಈ ಕೆಲಸದ ತಿರುಳು. ಶಾರುಖ್ ಖಾನ್ ಅವರ ವೋಲ್ವೊ ವ್ಯಾನ್ ಇದರ ಪ್ರಸಿದ್ಧ ಉದಾಹರಣೆ. 2012ರ ದೆಹಲಿ ಆಟೋ ಎಕ್ಸ್‌ಪೋದಲ್ಲಿ ಸಂಸ್ಥೆ ‘ಅವಂತಿ’ ಸ್ಪೋರ್ಟ್ಸ್ ಕಾರನ್ನು ಪ್ರದರ್ಶಿಸಿತು.

ಜಾಗತಿಕ ಕ್ಯಾರವಾನ್ ಉದ್ಯಮದಲ್ಲಿ, 1980ರಲ್ಲಿ ಕ್ಯಾರವಾನ್ ತಯಾರಿಸುವ ಏರ್‌ಸ್ಟ್ರೀಮ್ ಕಂಪನಿಯನ್ನು ಕೊಂಡು ಹುಟ್ಟಿದ ಅಮೆರಿಕದ ಥಾರ್ ಇಂಡಸ್ಟ್ರೀಸ್ 2019ರಲ್ಲಿ ಜರ್ಮನಿಯ ಹೈಮರ್ ಸಮೂಹವನ್ನೂ ಸೇರಿಸಿಕೊಂಡಿತು. ಭಾರತದಲ್ಲಿ ಮೋಟರ್ ಕ್ಯಾರವಾನ್‌ಗಳಿಗೆ ಅನ್ವಯಿಸುವ ಮಾನದಂಡ ಎಐಎಸ್–124. ಮಹಾರಾಷ್ಟ್ರ ಮತ್ತು ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿದವು. ಕೇರಳದ ಯೋಜನೆಯ ಹೆಸರು ‘ಕೇರವಾನ್’.