ಕಿಟಕಿಯ ಲೆಕ್ಕ

ಹೊಸ ಮನೆಯನ್ನು ಕಟ್ಟಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಈ ಸಣ್ಣ ಲೆಕ್ಕವನ್ನು ಗಮನಿಸತಕ್ಕದ್ದು. ವಾಸದ ಕಟ್ಟಡಗಳಲ್ಲಿ ವಿದ್ಯುತ್ತಿನ ವ್ಯಯವನ್ನು ತಗ್ಗಿಸುವುದಕ್ಕಾಗಿ ಭಾರತ ಸರಕಾರವು 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಇದು 500 ಚದರ ಮೀಟರು ಅಥವಾ ಅದಕ್ಕೂ ದೊಡ್ಡ ನಿವೇಶನಗಳಿಗಾಗಿ ರಚಿತವಾದರೂ ಇದರ ಗಣಿತವು ಸಣ್ಣ ಮನೆಗೂ ಒಪ್ಪುವುದು.

ಮಂಗಳೂರಿನಂತಹ ಸೆಕೆಯ ಕರಾವಳಿಯಲ್ಲಿ, ತೆರೆಯಬಲ್ಲ ಕಿಟಕಿ ಗವಾಕ್ಷಿಗಳ ಒಟ್ಟು ವಿಸ್ತೀರ್ಣವು ಮನೆಯೊಳಗಿನ ನೆಲದ ಆರರಲ್ಲೊಂದು ಪಾಲಿಗೆ ಕಡಿಮೆಯಿರಕೂಡದು. ಬೆಂಗಳೂರಿನ ಹವೆಗೆ ಎಂಟರಲ್ಲೊಂದು ಪಾಲು ಸಾಕು. 900 ಚದರಡಿಯ ಮನೆಗೆ ಮಂಗಳೂರಿನಲ್ಲಿ 150 ಚದರಡಿ ಬೇಕಾಯಿತು.

‘ತೆರೆಯಬಲ್ಲ’ ಎಂಬ ಮಾತಿನಲ್ಲಿಯೇ ಮರ್ಮವಿರುವುದು. ಕದವನ್ನು ಹೊರಕ್ಕೆ ತೆರೆಯುವ ಕಿಟಕಿಯಲ್ಲಿ ನೂರಕ್ಕೆ 90 ಪಾಲು ಲೆಕ್ಕಕ್ಕೆ ಸಲ್ಲುವುದು. ಎರಡು ಗಾಜಿನ ಕದಗಳ ಸ್ಲೈಡಿಂಗ್ ಕಿಟಕಿಯಲ್ಲಿ ಅರ್ಧ ಮಾತ್ರ. (ಅಂದಕ್ಕಾಗಿ ಇದನ್ನೇ ಬಯಸುವವರು ನಮ್ಮಲ್ಲಿ ಬಹಳ.) ನಕ್ಷೆಯಲ್ಲಿ ಮೊದಲಿನದನ್ನು ಬರೆದು, ಗೋಡೆಯೆದ್ದ ಬಳಿಕ ಎರಡನೆಯದನ್ನು ಕೂಡಿಸಿದರೆ, ಕಾಗದದಲ್ಲಿ ತೇರ್ಗಡೆಯಾದ ಮನೆಯು ವಾಸಕ್ಕೆ ಬಂದಾಗ ಅನುತ್ತೀರ್ಣವಾಗುವುದು, ಮಕ್ಕಳು ಬೆವರುತ್ತಾ ಓದುವರು, ಫ್ಯಾನು ಇರುಳಿಡೀ ತಿರುಗುವುದು. ಇಂಜಿನಿಯರರು ಪರೀಕ್ಷಿಸುವರೆಂದು ಸುಮ್ಮನಿರದೆ, ಚೌಕಟ್ಟನ್ನು ಗೋಡೆಗೆ ಕೂಡಿಸುವ ಮೊದಲೇ ಗೃಹಿಣಿಯು ತಾನೇ ಟೇಪು ಹಿಡಿದು ಅಳೆಯಲಿ. ಗಾರೆ ಒಣಗಿದ ಮೇಲೆ ಗೋಡೆಯನ್ನೊಡೆಯಲು ಯಾರೂ ಒಪ್ಪರು.